ಬದಲಾಗುವ ವೃತ್ತಿ, ಬದಲಾಗದ ಹೊಣೆ

ಭೋಗಭೂಮಿಯ ಕಾಲ ಮುಗಿಯುತ್ತ ಬಂದಾಗ ಜನರಿಗೆ ಉಂಟಾದ ಭಯವನ್ನು ಆದಿಪುರಾಣದ ಕಥೆ ವಿವರವಾಗಿ ಹೇಳುತ್ತದೆ. ಅಲ್ಲಿಯವರೆಗೆ ಬದುಕಿಗೆ ಬೇಕಾದುದನ್ನೆಲ್ಲ ಕಲ್ಪವೃಕ್ಷಗಳೇ ಕೊಡುತ್ತಿದ್ದವು. ದುಡಿಯಬೇಕೆಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಬೆಳಕು ಕೊಡುತ್ತಿದ್ದ ಜ್ಯೋತಿರಂಗ ವೃಕ್ಷಗಳ ಕಾಂತಿ ಕುಂದತೊಡಗಿದಾಗ, ಆ ಪ್ರಕಾಶದಲ್ಲಿ ಅದುವರೆಗೆ ಮರೆಯಾಗಿದ್ದ ಸೂರ್ಯಚಂದ್ರರು ಮೊದಲ ಬಾರಿಗೆ ಕಣ್ಣಿಗೆ ಬಿದ್ದರು. ಜನ ಬೆದರಿದರು. ಏನೋ ಕೇಡು ಒದಗಿತೆಂದು ಮೊದಲ ಕುಲಕರನಾದ ಪ್ರತಿಶ್ರುತಿಯ ಬಳಿಗೆ ಓಡಿಬಂದರು. ಅವನು ಅವರ ಅಂಜಿಕೆಯನ್ನು ಹೀಯಾಳಿಸಲಿಲ್ಲ. ಕಾಣುತ್ತಿರುವುದು ಏನು, ಈಗ ಏಕೆ ಕಾಣುತ್ತಿದೆ ಎಂಬುದನ್ನು ತಿಳಿಯಹೇಳಿ ಅವರ ಭಯವನ್ನು ಕಳೆದನು. ಹೀಗೆ ಒಬ್ಬರ ನಂತರ ಒಬ್ಬರಾಗಿ ಹದಿನಾಲ್ಕು ಕುಲಕರರು ಬಂದರು. ಬದಲಾವಣೆಯ ಒಂದೊಂದು ಹಂತದಲ್ಲಿಯೂ ಜನರಿಗೆ ದಾರಿ ತೋರಿಸುವುದೇ ಅವರ ಕೆಲಸವಾಗಿತ್ತು. ಕಡೆಯ ಕುಲಕರನಾದ ನಾಭಿರಾಜನ ಮಗ ವೃಷಭದೇವನು, ಮರಗಳು ಕೊಡುವುದನ್ನು ನಿಲ್ಲಿಸಿದ ಮೇಲೆ ಹಸಿದು ಬಂದ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳನ್ನು ಕಲಿಸಿದನು.

ನಮ್ಮ ಪರಂಪರೆಯಲ್ಲಿ ಕರ್ಮಭೂಮಿಯ ಹೊಸ್ತಿಲಲ್ಲಿಯೇ ಜೀವನೋಪಾಯದ ಬದಲಾವಣೆಯ ಪ್ರಶ್ನೆ ನಿಂತಿದೆ ಎಂಬುದು ಗಮನಿಸತಕ್ಕ ಸಂಗತಿ. ಆ ಪ್ರಶ್ನೆಗೆ ದೊರೆತ ಉತ್ತರದಲ್ಲಿ ಎರಡು ಅಂಗಗಳಿವೆ: ಮೊದಲು ತಿಳಿವಳಿಕೆ, ಅನಂತರ ಕಸುಬು. ಕಲ್ಪವೃಕ್ಷ ಒಣಗಿದ್ದು ಯಾರ ಅಪರಾಧವೂ ಅಲ್ಲ, ಅದು ಕಾಲದ ಸ್ವಭಾವ. ಹಾಗೆಂದು ಕುಲಕರರು ‘ಇದು ಕಾಲಸ್ವಭಾವ, ಸಹಿಸಿಕೊಳ್ಳಿ’ ಎಂದು ಹೇಳಿ ಜನರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಬದಲಾವಣೆಗೆ ಹೊಣೆಗಾರರಿಲ್ಲದಿರಬಹುದು, ಬದಲಾವಣೆಯಿಂದ ನೊಂದವರಿಗೆ ಹೊಣೆಗಾರರಿದ್ದಾರೆ. ಈ ಒಂದು ಮಾತನ್ನು ಅಳತೆಗೋಲಾಗಿ ಹಿಡಿದು, ಬೆಂಗಳೂರಿನ ಹೊರವಲಯದ ಪೀಣ್ಯ, ಜಾಲಹಳ್ಳಿ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ದುಡಿಯುವವರ ಮತ್ತು ದುಡಿಸಿಕೊಳ್ಳುವವರ ಬದುಕನ್ನು ನೋಡುವುದು ಈ ಲೇಖನದ ಉದ್ದೇಶ. ನಮ್ಮ ಸಮಾಜದವರು ಈ ಎರಡೂ ಕಡೆಗಳಲ್ಲಿ ಇದ್ದಾರೆ. ಆದುದರಿಂದ ಈ ಪ್ರಶ್ನೆ ನಮಗೆ ಎರಡು ಬಗೆಯಲ್ಲಿ ಅನ್ವಯಿಸುತ್ತದೆ.

ಗಡಿಯಾರದ ಕಾರ್ಖಾನೆ

ಬೆಂಗಳೂರಿನಲ್ಲಿ ವೃತ್ತಿಯ ಬದಲಾವಣೆಗೆ ಎಲ್ಲರೂ ಬಲ್ಲ ನಿದರ್ಶನ ಎಚ್.ಎಂ.ಟಿ. ಸಂಸ್ಥೆಯದು. ಯಂತ್ರೋಪಕರಣಗಳ ತಯಾರಿಕೆಗಾಗಿ 1953ರಲ್ಲಿ ಸ್ಥಾಪಿತವಾದ ಈ ಸರಕಾರಿ ಸಂಸ್ಥೆ ಜಾಲಹಳ್ಳಿಯಲ್ಲಿ ಬೆಳೆಯಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನೂ ಆರಂಭಿಸಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ‘ಜನತಾ’, ‘ಪೈಲಟ್’ ಮೊದಲಾದ ಗಡಿಯಾರಗಳು ದೇಶದ ಮೂಲೆಮೂಲೆಗೂ ಹೋದವು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ನಿವೃತ್ತರಾದ ಗುರುಗಳಿಗೆ ಕೊಡುವ ಉಡುಗೊರೆಯೆಂದರೆ ಎಚ್.ಎಂ.ಟಿ. ಗಡಿಯಾರ ಎಂಬಂತಾಯಿತು.

ಇಂಥ ಗಡಿಯಾರದ ಜೀವಾಳ ಅದರೊಳಗಿನ ಸುರುಳಿ ಮತ್ತು ತೂಗುಚಕ್ರ. ಕೀಲಿ ಕೊಟ್ಟಾಗ ಬಿಗಿಯುವ ಸುರುಳಿ ಮೆಲ್ಲಮೆಲ್ಲನೆ ಸಡಿಲಗೊಳ್ಳುತ್ತದೆ; ತೂಗುಚಕ್ರ ಸೆಕೆಂಡಿಗೆ ಐದು ಬಾರಿಯಷ್ಟು ಅತ್ತಿತ್ತ ಓಲಾಡಿ ಆ ಸಡಿಲಿಕೆಯನ್ನು ಅಳೆದು ಬಿಡುತ್ತದೆ. ಕೂದಲೆಳೆಗಿಂತ ತೆಳುವಾದ ಎಳೆಗಳನ್ನು ಚಿಮಟದಿಂದ ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಜೋಡಿಸುವ ಈ ಕೆಲಸಕ್ಕೆ ವರ್ಷಗಟ್ಟಲೆಯ ಅಭ್ಯಾಸ ಬೇಕು. ಜೋಡಣೆಯ ವಿಭಾಗದಲ್ಲಿ ಅನೇಕ ಸ್ತ್ರೀಯರು ದುಡಿಯುತ್ತಿದ್ದರು. ಕುಟುಂಬದಲ್ಲಿ ಮೊದಲ ಬಾರಿಗೆ ಸಂಬಳ ತಂದ ಹೆಣ್ಣುಮಕ್ಕಳೂ ಅವರಲ್ಲಿದ್ದರು.

ಅನಂತರ ಬಂದದ್ದು ಕ್ವಾರ್ಟ್ಜ್ ಗಡಿಯಾರ. ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸಣ್ಣ ಹರಳು ತೂಗುಚಕ್ರದ ಕೆಲಸವನ್ನು ತಾನೇ ಮಾಡಿತು, ಅದಕ್ಕಿಂತ ನಿಖರವಾಗಿಯೂ ಮಾಡಿತು. ಬಿಡಿಭಾಗಗಳು ಕಡಿಮೆಯಾದವು, ಜೋಡಿಸುವ ಕೈಗಳೂ ಕಡಿಮೆ ಸಾಕಾದವು. ವಿಚಿತ್ರವೆಂದರೆ, ಭಾರತದಲ್ಲಿ ಮೊದಲು ಕ್ವಾರ್ಟ್ಜ್ ಗಡಿಯಾರ ತಯಾರಿಸಿದ್ದು ಎಚ್.ಎಂ.ಟಿ.ಯೇ, 1981ರಲ್ಲಿ. ಬರಲಿರುವುದು ಏನೆಂದು ಅದಕ್ಕೆ ತಿಳಿಯದೆ ಇರಲಿಲ್ಲ. ಆದರೆ ಅದರ ಯಂತ್ರಗಳು, ತರಬೇತಿ, ಅಭಿಮಾನ, ಮಾರಾಟದ ವ್ಯವಸ್ಥೆ ಎಲ್ಲವೂ ಕೀಲಿ ಗಡಿಯಾರಕ್ಕೆ ಹೊಂದಿಕೊಂಡಿದ್ದವು. ಹೊಸೂರಿನ ಟೈಟನ್ ಕಾರ್ಖಾನೆಯ ಗಡಿಯಾರಗಳು 1987ರಿಂದ ಮಾರುಕಟ್ಟೆಗೆ ಬಂದವು. 1991ರ ಆರ್ಥಿಕ ಸುಧಾರಣೆಗಳ ನಂತರ ವಿದೇಶಿ ಸರಕಿಗೂ ಬಾಗಿಲು ತೆರೆಯಿತು. ನಷ್ಟ ವರ್ಷದಿಂದ ವರ್ಷಕ್ಕೆ ಬೆಳೆದು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಘಟಕವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ನೌಕರರಿಗೆ ಸ್ವಯಂ ನಿವೃತ್ತಿಯ ಪರಿಹಾರ ದೊರೆಯಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಸಂಸ್ಥೆಯ ವಸ್ತುಸಂಗ್ರಹಾಲಯ ತೆರೆಯಿತು. ಒಂದು ಕಾಲದಲ್ಲಿ ಅನ್ನ ಕೊಟ್ಟ ಕೌಶಲ ಈಗ ಅಲ್ಲಿ ಗಾಜಿನ ಹಿಂದೆ ಕಾಣಸಿಗುತ್ತದೆ.

ಆ ಸುಧಾರಣೆಗಳ ಹೊತ್ತಿನಲ್ಲಿ, 1992ರಲ್ಲಿ, ಕೇಂದ್ರ ಸರಕಾರ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿತ್ತು. ಕೆಲಸ ಕಳೆದುಕೊಳ್ಳುವವರಿಗೆ ಹೊಸ ಕಸುಬು ಕಲಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಹಣದ ಬಹುಭಾಗ ವೆಚ್ಚವಾದದ್ದು ಸ್ವಯಂ ನಿವೃತ್ತಿಯ ಪರಿಹಾರಕ್ಕೆ. ಮರುತರಬೇತಿಯ ಪಾಲು ಅಲ್ಪವಾಗಿಯೇ ಉಳಿಯಿತು. ಹಣ ಕೊಟ್ಟು ಕಳುಹಿಸುವುದು ಸುಲಭ, ಕಲಿಸಿ ನಿಲ್ಲಿಸುವುದು ಕಷ್ಟ. ಪ್ರತಿಶ್ರುತಿಯಿಂದ ವೃಷಭದೇವನವರೆಗೆ ನಡೆದ ಕೆಲಸದಲ್ಲಿ ಕಷ್ಟದ ಈ ಎರಡನೆಯ ಭಾಗವೇ ಮುಖ್ಯವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಚಿನ್ನದ ಕಲಶದ ದೃಷ್ಟಾಂತ

ಸತ್ತೆಂಬುದು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದು ಎಂಬುದು ನಮ್ಮ ತತ್ತ್ವದ ಮೊದಲ ಪಾಠ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಕಾಲಕ್ಕೆ ಇರುತ್ತವೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಒಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರೆ, ಕಲಶ ಬೇಕಾಗಿದ್ದವನಿಗೆ ದುಃಖವಾಗುತ್ತದೆ, ಕಿರೀಟ ಬೇಕಾಗಿದ್ದವನಿಗೆ ಸಂತೋಷವಾಗುತ್ತದೆ, ಚಿನ್ನವಷ್ಟೇ ಬೇಕಾಗಿದ್ದವನು ಮಧ್ಯಸ್ಥನಾಗಿರುತ್ತಾನೆ. ಮೂವರ ಭಾವನೆಗೂ ವಸ್ತುವಿನಲ್ಲಿಯೇ ಕಾರಣವಿದೆ; ಯಾರದೂ ಭ್ರಮೆಯಲ್ಲ.

ಈ ದೃಷ್ಟಾಂತವನ್ನು ಪೀಣ್ಯದ ಒಂದು ಶೆಡ್ಡಿಗೆ ಅನ್ವಯಿಸಿ ನೋಡೋಣ. 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ವಸಾಹತಿನಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಬಹುಪಾಲು ಘಟಕಗಳು ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಜಾಬ್ ವರ್ಕ್ ಆಧಾರದ ಮೇಲೆ ಮಾಡಿಕೊಡುತ್ತವೆ. ಹಿಂದೆ ಒಂದು ಶೆಡ್ಡಿನಲ್ಲಿ ಹತ್ತು ಲೇತುಗಳಿದ್ದರೆ ಹತ್ತು ಜನ ಟರ್ನರುಗಳಿರುತ್ತಿದ್ದರು. ನಕ್ಷೆ ಓದಿ, ಉಕ್ಕಿನ ಸಿಪ್ಪೆ ಏಳುವ ಬಣ್ಣ ಮತ್ತು ಸದ್ದಿನಿಂದಲೇ ಉಳಿ ಮೊಂಡಾಗಿದೆಯೋ ಚೂಪಾಗಿದೆಯೋ ಎಂದು ಹೇಳಬಲ್ಲವರು ಅವರು. ಗಣಕದ ನಿಯಂತ್ರಣದಲ್ಲಿ ನಡೆಯುವ ಸಿ.ಎನ್.ಸಿ. ಯಂತ್ರ ಬಂದ ಮೇಲೆ ಅಳತೆಗಳೆಲ್ಲ ಪ್ರೋಗ್ರಾಮಿನೊಳಗೆ ಹೋದವು. ಒಬ್ಬನೇ ಆಪರೇಟರು ಎರಡು ಮೂರು ಯಂತ್ರಗಳನ್ನು ನೋಡಿಕೊಳ್ಳಬಲ್ಲ. ಆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಗಳೂ ಪೀಣ್ಯದಲ್ಲಿಯೇ ಇವೆ. ಒಂದು ಬೀದಿಯಲ್ಲಿ ಉದ್ಯೋಗ ಹುಟ್ಟಿಸಿದ ವಸ್ತುವೇ ಮುಂದಿನ ಬೀದಿಯಲ್ಲಿ ಉದ್ಯೋಗವನ್ನು ಅಳಿಸಿತು. ಉತ್ಪಾದ ಮತ್ತು ವ್ಯಯ ಒಟ್ಟಿಗೇ ನಡೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇಲ್ಲಿ ಹಳೆಯ ಟರ್ನರು ಕಲಶ ಕಳೆದುಕೊಂಡವನು. ಡಿಪ್ಲೊಮಾ ಮುಗಿಸಿ ಬಂದ ತರುಣ ಕಿರೀಟ ಪಡೆದವನು. ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ಸತ್ಯವನ್ನೇ ನುಡಿಯುತ್ತಾರೆ. ಒಬ್ಬನ ದುಃಖವನ್ನು ಹಠವೆಂದೂ ಇನ್ನೊಬ್ಬನ ಸಂತೋಷವನ್ನು ನಿಷ್ಕರುಣೆಯೆಂದೂ ಕರೆಯುವುದು ಏಕಾಂತವಾದ. ಆದರೆ ಮೂರನೆಯವನ ವಿಷಯದಲ್ಲಿ ನಾವು ಇನ್ನೂ ಸ್ವಲ್ಪ ಯೋಚಿಸಬೇಕು. ಕಲಶ ಕಿರೀಟವಾದಾಗ ಮಧ್ಯಸ್ಥನಾಗಿ ಉಳಿದವನು ಚಿನ್ನವನ್ನು ಬಯಸಿದವನು, ಮತ್ತು ಅವನ ಚಿನ್ನ ಅವನಲ್ಲಿಯೇ ಉಳಿದಿದೆ. ಶೆಡ್ಡಿನ ಒಡೆಯನಿಗೆ ಬದಲಾವಣೆಯನ್ನು ಸಮಚಿತ್ತದಿಂದ ನೋಡುವುದು ಸಾಧ್ಯವಾಗುವುದು ಅವನ ವೈರಾಗ್ಯದಿಂದ ಎಂದೇ ಹೇಳಲಾಗದು. ಅವನ ಬಂಡವಾಳ ರೂಪ ಬದಲಿಸಿದೆಯೇ ಹೊರತು ನಾಶವಾಗಿಲ್ಲ ಎಂಬುದೂ ಅದಕ್ಕೆ ಕಾರಣವಿರಬಹುದು. ನಷ್ಟವಾಗದವನ ಮಾಧ್ಯಸ್ಥ್ಯವನ್ನು ಸಾಧನೆಯೆಂದು ಎಣಿಸಬಾರದು.

ಇದರಿಂದ ಒಂದು ನಿಯಮ ತಾನಾಗಿ ಹೊರಡುತ್ತದೆ. ಅನಿತ್ಯಾನುಪ್ರೇಕ್ಷೆ ತನಗಾಗಿ ಮಾಡಿಕೊಳ್ಳಬೇಕಾದ ಚಿಂತನೆ. ತನ್ನ ಸಂಪತ್ತು, ತನ್ನ ಪದವಿ, ತನ್ನ ಶರೀರ ಅನಿತ್ಯವೆಂದು ಬಗೆಯುವುದು ಆತ್ಮಕ್ಕೆ ಹಿತ. ಕೆಲಸ ಕಳೆದುಕೊಂಡು ಎದುರಿಗೆ ನಿಂತವನಿಗೆ ಒಡೆಯನು ‘ಎಲ್ಲವೂ ಅನಿತ್ಯವಪ್ಪಾ’ ಎಂದು ಹೇಳಿದರೆ ಅದು ಅನುಪ್ರೇಕ್ಷೆಯಲ್ಲ, ಜಾರಿಕೊಳ್ಳುವ ಉಪಾಯ. ‘ಅವನ ಕರ್ಮೋದಯ’ ಎಂಬ ಮಾತಿಗೂ ಇದೇ ಅನ್ವಯ. ಅವನಿಗೆ ಬಂದ ಕಷ್ಟಕ್ಕೆ ಅವನ ಪೂರ್ವಕರ್ಮ ಕಾರಣವಿದ್ದೀತು. ಆದರೆ ನಾನು ಈಗ ಮಾಡುವ ಕ್ರಿಯೆ ನನಗೆ ಹೊಸ ಬಂಧವನ್ನು ತರುತ್ತದೆ. ಇನ್ನೊಬ್ಬನ ಕರ್ಮಫಲ ನನ್ನ ನಡತೆಗೆ ರಹದಾರಿಯಾಗಲಾರದು.

ಅತಿಚಾರ ಎಲ್ಲಿ ತೊಡಗುತ್ತದೆ?

ಹಾಗಾದರೆ ಒಡೆಯನು ಹೊಸ ಯಂತ್ರವನ್ನು ತರಬಾರದೇ? ಹಾಗೆ ಹೇಳುವುದು ನ್ಯಾಯವಲ್ಲ. ಸಣ್ಣ ಉದ್ಯಮಿಯ ಇಕ್ಕಟ್ಟನ್ನೂ ತಿಳಿಯಬೇಕು. ಅವನು ಮಾಡಿಕೊಡುವ ಭಾಗಕ್ಕೆ ಇಂತಿಷ್ಟೇ ವ್ಯತ್ಯಾಸವಿರಬೇಕೆಂದು ದೊಡ್ಡ ಕಾರ್ಖಾನೆ ನಿಗದಿ ಮಾಡುತ್ತದೆ. ಹಳೆಯ ಲೇತಿನಿಂದ ಆ ಸೂಕ್ಷ್ಮತೆ ಪ್ರತಿ ಬಾರಿಯೂ ಸಾಧ್ಯವಾಗದು. ಆದೇಶ ಕೈತಪ್ಪಿದರೆ ಹತ್ತು ಜನರೂ ಬೀದಿಗೆ ಬೀಳುತ್ತಾರೆ. ಬ್ಯಾಂಕಿನ ಸಾಲದ ಕಂತು ಯಾವ ಧರ್ಮಸಂಕಟಕ್ಕೂ ಕಾಯುವುದಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ ಹಿರಿಯರು, ಜೀವನೋಪಾಯದಲ್ಲಿ ತಪ್ಪಿಸಲಾಗದೆ ಆಗುವ ನೋವನ್ನು ಉದ್ಯೋಗೀ ಹಿಂಸೆಯೆಂದು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಉದ್ಯೋಗೀ ಹಿಂಸೆಯನ್ನು ಯತ್ನಾಚಾರದಿಂದ ಆದಷ್ಟು ತಗ್ಗಿಸಬೇಕು. ಯಂತ್ರ ತರುವುದು ಉದ್ಯೋಗದ ಅಗತ್ಯವಾಗಿರಬಹುದು. ಅದನ್ನು ತರುವ ರೀತಿಯಲ್ಲಿ ಯತ್ನಾಚಾರವಿದೆಯೇ ಎಂಬುದು ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಸಾಮಾನ್ಯವಾಗಿ ಇವನ್ನು ಎತ್ತು, ಕತ್ತೆ ಮೊದಲಾದ ಪ್ರಾಣಿಗಳ ವಿಷಯದಲ್ಲಿ ವಿವರಿಸುತ್ತೇವೆ. ಕಡೆಯ ಎರಡನ್ನು ಇಂದಿನ ಶೆಡ್ಡಿನಲ್ಲಿ ನಿಂತು ಓದಿದರೆ ಅವುಗಳ ವ್ಯಾಪ್ತಿ ತಿಳಿಯುತ್ತದೆ. ಐದು ಜನರನ್ನು ಕಳುಹಿಸಿ, ಅವರ ಕೆಲಸವನ್ನು ಉಳಿದ ಐದು ಜನರ ಮೇಲೆ ಹೊರಿಸಿ, ಹನ್ನೆರಡು ಗಂಟೆಯ ಪಾಳಿಯನ್ನು ರೂಢಿಯಾಗಿಸುವುದು ಅತಿಭಾರಾರೋಪಣ. ಕಳುಹಿಸಿದವನಿಗೆ ಸಲ್ಲಬೇಕಾದ ಬಾಕಿ ಸಂಬಳವನ್ನೂ ಗ್ರಾಚ್ಯುಟಿಯನ್ನೂ ‘ಮುಂದಿನ ತಿಂಗಳು ಬಾ’ ಎಂದು ತಿಂಗಳುಗಟ್ಟಲೆ ತಡೆಹಿಡಿಯುವುದು ಅನ್ನಪಾನನಿರೋಧ. ಸಂಬಳವೇ ಅವನ ಅನ್ನ.

ಸತ್ಯಾಣುವ್ರತದ ಅತಿಚಾರಗಳಲ್ಲಿಯೂ ಎರಡು ಈ ಪ್ರಸಂಗಕ್ಕೆ ನೇರವಾಗಿ ತಟ್ಟುತ್ತವೆ. ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ. ತಾವೇ ತೆಗೆದುಹಾಕಿದವನ ಕೈಯಲ್ಲಿ ‘ಸ್ವಂತ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ’ ಎಂದು ಬರೆಸಿಕೊಳ್ಳುವ ಕಾಗದ ಈ ಜಾತಿಗೆ ಸೇರಿದ್ದು. ಬರೆದ ಕೈ ಅವನದಾದರೂ ಸುಳ್ಳು ಬರೆಸಿದವನದು. ಇನ್ನೊಂದು ನ್ಯಾಸಾಪಹಾರ, ನಂಬಿ ಇಟ್ಟ ಠೇವಣಿಯನ್ನು ನುಂಗುವುದು. ಕಾರ್ಮಿಕನ ಸಂಬಳದಿಂದ ಭವಿಷ್ಯನಿಧಿಗೆಂದು ಹಿಡಿದ ಹಣವನ್ನು ನಿಧಿಗೆ ಕಟ್ಟದೆ ವ್ಯಾಪಾರಕ್ಕೆ ಬಳಸಿಕೊಂಡವನು, ತಾನು ಕಷ್ಟದಲ್ಲಿದ್ದೆನೆಂದು ಹೇಳಬಹುದು. ಆದರೆ ಆ ಹಣ ಅವನದಲ್ಲ, ಅವನ ಬಳಿ ಇಟ್ಟದ್ದು.

ಕಾನೂನು ಕೂಡ ಈ ದಾರಿಯಲ್ಲಿ ಕೆಲವು ಹೆಜ್ಜೆ ಇಟ್ಟಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕೆಲಸದಿಂದ ಕಡಿತ ಮಾಡಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನ ಕೊಡಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ನಿಯಮವನ್ನು ಉಳಿಸಿಕೊಂಡಿದೆ. ಅಲ್ಲದೆ ಕಡಿತಗೊಂಡ ಪ್ರತಿಯೊಬ್ಬ ಕಾರ್ಮಿಕನ ಹೆಸರಿನಲ್ಲಿ ಉದ್ಯಮಿಯು ಹದಿನೈದು ದಿನಗಳ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕೆಂದೂ, ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಸೇರಬೇಕೆಂದೂ ಹೇಳಿದೆ. ಆದರೆ ಹದಿನೈದು ದಿನಗಳ ವೇತನದಲ್ಲಿ ಯಾರೂ ಹೊಸ ಕಸುಬು ಕಲಿತು ಮುಗಿಸಲಾರರು. ಕಾನೂನು ಹೇಳುವುದು ಕನಿಷ್ಠವನ್ನು; ವ್ರತ ಕೇಳುವುದು ಅದಕ್ಕಿಂತ ಹೆಚ್ಚನ್ನು. ಯಂತ್ರ ಬರುವ ವಿಷಯವನ್ನು ಆರು ತಿಂಗಳು ಮೊದಲೇ ತಿಳಿಸುವುದು, ಹಳೆಯ ಟರ್ನರನ್ನು ಹೊಸ ಯಂತ್ರದ ಮುಂದೆ ನಿಲ್ಲಿಸಿ ಕಲಿಯಲು ಅವಕಾಶ ಕೊಡುವುದು, ಅವನಿಗೆ ಅದು ಒಗ್ಗದಿದ್ದರೆ ಅಳತೆ ಪರೀಕ್ಷಿಸುವ ಅಥವಾ ಉಪಕರಣ ಜೋಡಿಸುವ ಕೆಲಸದಲ್ಲಿ ಅವನ ಅನುಭವವನ್ನು ಬಳಸಿಕೊಳ್ಳುವುದು—ಇವು ಯಾವುವೂ ಒಡೆಯನನ್ನು ದಿವಾಳಿ ಮಾಡುವ ಸಂಗತಿಗಳಲ್ಲ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಇಂದು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಾಗಿದೆ. ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸ್ಥಾಪಿತವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಕಲಿಸುವ ಮನೆಗಳು ಪೀಣ್ಯದ ಸುತ್ತಮುತ್ತಲೇ ಇವೆ. ಕಳುಹಿಸುವ ಮನಸ್ಸು ಬೇಕು.

ಜ್ಞಾನಮದ

ಇಷ್ಟನ್ನೂ ಓದಿದ ಗಣಕ ಕ್ಷೇತ್ರದ ತರುಣರು, ಇದು ಎಣ್ಣೆ ಮೆತ್ತಿದ ಕೈಗಳ ಕಥೆ, ನಮ್ಮದಲ್ಲ ಎಂದು ಭಾವಿಸಬಹುದು. ರಾಜ್ಯ ಸರಕಾರ 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾದ ಆರ್.ಕೆ. ಬಾಳಿಗರು ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಲ್ಪಿಸಿದಾಗ ಅದು ವಿದ್ಯುನ್ಮಾನ ಉಪಕರಣಗಳ ಊರಾಗಬೇಕೆಂಬುದು ಉದ್ದೇಶವಾಗಿತ್ತು. ಆದದ್ದು ತಂತ್ರಾಂಶದ ಊರು. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಗಾಗಿ ಭೂಮಿ ಕೊಟ್ಟ ವೈಟ್‌ಫೀಲ್ಡ್, 1990ರ ದಶಕದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತಲೆಯೆತ್ತಿದ ಮೇಲೆ ಗಾಜಿನ ಕಟ್ಟಡಗಳ ಊರಾಯಿತು. ಸ್ಥಳಗಳೇ ಹೀಗೆ ಪರ್ಯಾಯ ಬದಲಿಸಿರುವಾಗ ಅಲ್ಲಿನ ಉದ್ಯೋಗಗಳು ಸ್ಥಿರವಾಗಿರುತ್ತವೆಯೆಂದು ನಂಬಲು ಆಧಾರವೇನು?

ಎಂಟು ಮದಗಳಲ್ಲಿ ಜ್ಞಾನಮದವೂ ಒಂದು. ಟರ್ನರು ಕೆಲಸ ಕಳೆದುಕೊಂಡದ್ದು ಅವನು ಕಡಿಮೆ ಓದಿದ್ದರಿಂದ, ನಾವು ಓದಿದವರು ಎಂಬ ಭಾವ ಒಂದು ತಲೆಮಾರಿನಲ್ಲಿ ಬೇರೂರಿತ್ತು. ಈಗ ಕೃತಕ ಬುದ್ಧಿಮತ್ತೆ ಪ್ರೋಗ್ರಾಮಿನ ಸಾಲುಗಳನ್ನು ತಾನೇ ಬರೆಯುತ್ತಿದೆ, ಪರೀಕ್ಷಿಸುತ್ತಿದೆ. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ತಂತ್ರಾಂಶ ಸಂಸ್ಥೆಯಾದ ಟಿ.ಸಿ.ಎಸ್. ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇಕಡ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ದರ್ಜೆಯವರೆಂದೂ ತಿಳಿಸಿತು. ಕಾರ್ಖಾನೆ ಮುಚ್ಚಿದಾಗ ಗೇಟಿನ ಮುಂದೆ ನೂರು ಜನ ಸೇರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗಣಕ ಕಛೇರಿಯಲ್ಲಿ ಒಬ್ಬನನ್ನು ಸಣ್ಣ ಕೋಣೆಗೆ ಕರೆದು ಮಾತಾಡಿ ಕಳುಹಿಸುತ್ತಾರೆ. ಪಕ್ಕದ ಮೇಜಿನವರಿಗೂ ಮರುದಿನ ತಿಳಿಯುತ್ತದೆ. ನೋವಿನ ಪ್ರಮಾಣ ಒಂದೇ ಆದರೂ ಇದರಲ್ಲಿ ಏಕಾಂಗಿತನ ಹೆಚ್ಚು. ಆದುದರಿಂದ ಮಾರ್ದವ, ಅಂದರೆ ಮೃದುತ್ವ, ಇಲ್ಲಿ ಅಲಂಕಾರದ ಗುಣವಲ್ಲ, ಅಗತ್ಯದ ಗುಣ. ನಲವತ್ತೈದರ ಅಧಿಕಾರಿ ಇಪ್ಪತ್ತೈದರ ಕಿರಿಯನ ಪಕ್ಕದಲ್ಲಿ ಕುಳಿತು ‘ಇದನ್ನು ನನಗೆ ತೋರಿಸು’ ಎಂದು ಕೇಳಲು ಮಾರ್ದವ ಬೇಕು. ಟರ್ನರನ ದುಃಖವೂ ತನ್ನ ದುಃಖವೂ ಒಂದೇ ಜಾತಿಯವು ಎಂದು ಒಪ್ಪಲೂ ಅದೇ ಬೇಕು.

ಕೆಲಸ ಕಳೆದುಕೊಂಡವರು ತಮ್ಮ ಬಗ್ಗೆ ತಾವು ತಿಳಿಯಬೇಕಾದ ಒಂದು ಮಾತಿದೆ. ‘ನಾನು ಟರ್ನರು’, ‘ನಾನು ಮ್ಯಾನೇಜರು’ ಎಂಬುದು ಪರ್ಯಾಯದ ಮಾತು. ಪರ್ಯಾಯ ಅಳಿದಾಗ ದ್ರವ್ಯ ಅಳಿಯುವುದಿಲ್ಲ. ಲೋಹವನ್ನು ಬಲ್ಲ ಕೈ, ತಪ್ಪನ್ನು ಕಂಡುಹಿಡಿಯುವ ಕಣ್ಣು, ಹೇಳಿದ ಸಮಯಕ್ಕೆ ಮುಗಿಸುವ ಶಿಸ್ತು ಹುದ್ದೆಯ ಜೊತೆಗೆ ಹೋಗುವುದಿಲ್ಲ. ಎರಡನೆಯದಾಗಿ, ಪರಿಗ್ರಹ ಪರಿಮಾಣ ವ್ರತದ ಲೌಕಿಕ ಪ್ರಯೋಜನ ಇಂಥ ಹೊತ್ತಿನಲ್ಲಿ ಗೋಚರವಾಗುತ್ತದೆ. ಬರುವ ಸಂಬಳವೆಲ್ಲ ಮನೆ, ಕಾರುಗಳ ಕಂತಿಗೇ ಹೋಗುವಂತೆ ಬದುಕನ್ನು ಕಟ್ಟಿಕೊಂಡವನು ಅನ್ಯಾಯದ ಆಜ್ಞೆಗೂ ತಲೆಬಾಗಬೇಕಾಗುತ್ತದೆ, ಕಲಿಯಲು ಆರು ತಿಂಗಳ ಬಿಡುವನ್ನೂ ಪಡೆಯಲಾರ. ಬೇಕುಗಳಿಗೆ ಎಲ್ಲೆ ಹಾಕಿಕೊಂಡವನಿಗೆ ಆ ಬಿಡುವು ಇರುತ್ತದೆ. ಮಿತಿ ಎಂಬುದು ಇಲ್ಲಿ ಬಡತನವಲ್ಲ, ಸ್ವಾತಂತ್ರ್ಯ. ಆದರೆ ಇದನ್ನೂ ಕಷ್ಟ ಬರುವ ಮೊದಲು ತನಗೆ ತಾನೇ ಹೇಳಿಕೊಳ್ಳಬೇಕು. ಕಷ್ಟ ಬಂದವನ ಮುಂದೆ ಹೇಳಿದರೆ ಅದು ಚುಚ್ಚುಮಾತಾಗುತ್ತದೆ. ಮೂರನೆಯದು ಆರ್ಜವ. ಕೆಲಸ ಹೋದ ವಿಷಯವನ್ನು ಮನೆಯವರಿಂದ ಮುಚ್ಚಿಟ್ಟು, ಎಂದಿನಂತೆ ಬುತ್ತಿ ಹಿಡಿದು ಹೊರಟು, ಸಂಜೆಯವರೆಗೆ ಉದ್ಯಾನದಲ್ಲಿ ಕುಳಿತು ಬರುವವರ ಸಂಗತಿಯನ್ನು ನಾವೆಲ್ಲ ಕೇಳಿದ್ದೇವೆ. ಅವರು ಹೀಗೆ ಮಾಡುವುದು ನಾಚಿಕೆಯಿಂದ. ಕೆಲಸ ಹೋಗುವುದನ್ನು ನಾಚಿಕೆಯ ವಿಷಯವಾಗಿ ಮಾಡಿದವರು ಅವರಲ್ಲ. ಮದುವೆಯ ಮಾತುಕತೆಯಲ್ಲಿ, ಬಸದಿಯ ಜಗಲಿಯಲ್ಲಿ ‘ಎಲ್ಲಿ ಕೆಲಸ, ಎಷ್ಟು ಸಂಬಳ’ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳುವ ನಾವು.

ನೀಲಾಂಜನೆಯ ಸ್ಥಾನ

ಆರು ವೃತ್ತಿಗಳನ್ನು ಕಲಿಸಿದ ಅದೇ ವೃಷಭದೇವನ ಆಸ್ಥಾನದಲ್ಲಿ ಮುಂದೆ ನಡೆದ ಪ್ರಸಂಗವನ್ನು ಪಂಪನ ಓದುಗರೆಲ್ಲ ಬಲ್ಲರು. ದೇವನರ್ತಕಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಮರೆಯಾದಳು. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸಿದನು. ಅದೇ ಲಯ, ಅದೇ ಹೆಜ್ಜೆ. ಸಭೆಗೆ ಏನೂ ತಿಳಿಯಲಿಲ್ಲ. ವೃಷಭದೇವನೊಬ್ಬನೇ ಕಂಡನು, ಮತ್ತು ಆ ಕಾಣುವಿಕೆಯೇ ಅವನ ವೈರಾಗ್ಯಕ್ಕೆ ಕಾರಣವಾಯಿತು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಆಯುಷ್ಯದ ಅನಿತ್ಯತೆಗೆ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ಇನ್ನೂ ಒಂದು ಅರ್ಥ ಅಡಗಿದೆ. ಯಾವ ಕೆಲಸದ ಸ್ಥಳವೂ ಇಂದ್ರನ ಚಾತುರ್ಯವನ್ನು ಬಯಸುತ್ತದೆ. ಒಬ್ಬ ಹೋದರೆ ಮರುಕ್ಷಣ ಇನ್ನೊಬ್ಬ, ಅಥವಾ ಒಂದು ಯಂತ್ರ, ಆ ಸ್ಥಾನದಲ್ಲಿರಬೇಕು. ಸಾಲು ನಿಲ್ಲಬಾರದು, ಗಿರಾಕಿಗೆ ತಿಳಿಯಬಾರದು. ವ್ಯವಸ್ಥೆಯ ದೃಷ್ಟಿಯಿಂದ ಅದು ದಕ್ಷತೆ. ಸ್ಥಾನ ತುಂಬುವುದು ತಪ್ಪೆಂದು ಕಥೆ ಹೇಳುವುದಿಲ್ಲ. ನರ್ತನದ ಸೊಗಸಿನಲ್ಲಿ ಮೈಮರೆತು, ಒಬ್ಬಳು ಇಲ್ಲವಾದದ್ದನ್ನು ಕಾಣದೆ ಹೋದ ಸಭೆಯಲ್ಲಿ ಕೊರತೆಯಿದೆ. ನಾವು ಇಂದು ಆ ಸಭೆಯಲ್ಲಿ ಕುಳಿತಿದ್ದೇವೆ. ಎಲ್ಲರೂ ವೃಷಭದೇವನಂತೆ ಸಿಂಹಾಸನ ಬಿಟ್ಟು ಹೊರಡಲಾಗದು. ಆದರೆ ಕಾಣುವುದು ಎಲ್ಲರಿಗೂ ಸಾಧ್ಯ.

ಕಂಡವರು ಏನು ಮಾಡಬೇಕು? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರಕ್ಕೆ ನಮ್ಮ ಟ್ರಸ್ಟುಗಳಲ್ಲಿ ನಿಧಿಗಳುಂಟು. ಅಭಯದಾನಕ್ಕೆ ಇರುವುದು ವಿರಳ. ಸಂಪಾದನೆ ನಿಂತ ಮನೆಯಲ್ಲಿ ಮೊದಲು ಹುಟ್ಟುವುದು ಭಯ: ಮಗಳ ಶಾಲೆಯ ಶುಲ್ಕ, ಮನೆಯ ಬಾಡಿಗೆ, ತಂದೆಯ ಔಷಧಿ. ಮೂರರಿಂದ ಆರು ತಿಂಗಳವರೆಗೆ ಇಂಥ ಕುಟುಂಬಕ್ಕೆ ಬಡ್ಡಿಯಿಲ್ಲದ ಸಾಲವಾಗಿ, ಹೆಸರು ಪ್ರಕಟಿಸದೆ, ನೆರವಾಗುವ ಒಂದು ನಿಧಿಯನ್ನು ಪ್ರತಿ ಟ್ರಸ್ಟೂ ತೆರೆಯಬಹುದು. ಪಂಚಕಲ್ಯಾಣ ಮಹೋತ್ಸವದ ಖರ್ಚಿನ ಒಂದು ಸಣ್ಣ ಪಾಲು ಇದಕ್ಕೆ ಸಾಕು. ಸಮಾಜದ ಉದ್ಯಮಿಗಳು ತಮ್ಮಲ್ಲಿ ಖಾಲಿಯಿರುವ ಕೆಲಸಗಳನ್ನು ಬಸದಿಯ ಸೂಚನಾಫಲಕದಲ್ಲಿ ತಿಳಿಸಬಹುದು. ನಿವೃತ್ತ ಕುಶಲಕರ್ಮಿಗಳೂ ಎಂಜಿನಿಯರುಗಳೂ ಭಾನುವಾರದ ಸ್ವಾಧ್ಯಾಯದ ನಂತರ ಒಂದು ಗಂಟೆ ತಮ್ಮ ವಿದ್ಯೆಯನ್ನು ಹೇಳಿಕೊಟ್ಟರೆ ಅದೂ ಜ್ಞಾನದಾನವೇ. ಹಾಗೆಯೇ ಟ್ರಸ್ಟುಗಳು ತಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಲೆಕ್ಕಪತ್ರ ಗಣಕಕ್ಕೆ ಹೋದಾಗ ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತರು ಏನಾದರು? ಯಾತ್ರಿನಿವಾಸದ ಕಾವಲುಗಾರನಿಗೆ ಭವಿಷ್ಯನಿಧಿ ಕಟ್ಟಲಾಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಸಂಸ್ಥೆಯ ಮಾತಿಗೆ ಮಾತ್ರ ಸಮಾಜದ ಉದ್ಯಮಿಗಳು ಕಿವಿಗೊಡುತ್ತಾರೆ.

ದಶಲಕ್ಷಣ ಪರ್ವದ ಕೊನೆಯಲ್ಲಿ ನಾವು ತಿಳಿದೋ ತಿಳಿಯದೆಯೋ ನೋಯಿಸಿದವರಲ್ಲಿ ಕ್ಷಮೆ ಬೇಡುತ್ತೇವೆ. ಬಂಧುಗಳಿಗೆ, ಮಿತ್ರರಿಗೆ, ವ್ಯಾಪಾರದ ಸಂಬಂಧಿಗಳಿಗೆ ಪತ್ರ ಬರೆಯುತ್ತೇವೆ, ದೂರವಾಣಿ ಮಾಡುತ್ತೇವೆ. ಆ ಪಟ್ಟಿಯಲ್ಲಿ, ಆ ವರ್ಷ ಕೆಲಸದಿಂದ ಬಿಡಿಸಿದವನ ಹೆಸರು ಇದೆಯೇ ಎಂದು ಪ್ರತಿಯೊಬ್ಬ ಉದ್ಯಮಿಯೂ ಒಮ್ಮೆ ನೋಡಿಕೊಳ್ಳಲಿ. ಇದ್ದರೆ, ಕ್ಷಮೆ ಕೇಳುವ ಮೊದಲು ಅವನ ಬಾಕಿಯನ್ನು ತೀರಿಸಲಿ. ಅವನಿಗೆ ಈಗ ಕೆಲಸವಿದೆಯೇ ಎಂದು ವಿಚಾರಿಸಲಿ. ಯಂತ್ರಗಳು ಬದಲಾಗುತ್ತ ಹೋಗುತ್ತವೆ, ಪೀಣ್ಯದ ಇಂದಿನ ಯಂತ್ರವೂ ನಾಳೆ ಹಳೆಯದಾಗುತ್ತದೆ. ಯಾವ ಬದಲಾವಣೆಯ ಕಾಲದಲ್ಲಿಯೂ, ನಿನ್ನೆಯವರೆಗೆ ನಮ್ಮ ಜೊತೆ ದುಡಿದವನು ಇಂದು ಎಲ್ಲಿದ್ದ���ನೆ ಎಂದು ಕೇಳುವ ಹೊಣೆಯಿಂದ ಶ್ರಾವಕನಿಗೆ ಬಿಡುಗಡೆಯಿಲ್ಲ.